ಗೌರಿಗೆ ಅರಗಿಟ್ಟು ಮುಡಿಸಿದ ಹರಳಿನ ಜಾಜಿ

ಬತ್ತಿ ನೆಟ್ಟಗಿದೆಯೇ ನೋಡಿ, ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳಿ, ಮನಸ್ಸನ್ನು ಒಲೆಯ ಮೇಲೆ ಬಿಡದೆ ಇಲ್ಲಿಗೆ ತನ್ನಿ. ಜಾಜಿಗೌರಿಯ ಕಥೆಯನ್ನು ಹೇಳುತ್ತೇನೆ. ಬೇರೆ ವ್ರತಗಳ ಕಥೆಯನ್ನು ಪರಮೇಶ್ವರನು ಪಾರ್ವತಿಗೆ ಹೇಳಿದನೆನ್ನುತ್ತಾರೆ. ಇದನ್ನು ಮಾತ್ರ ಪಾರ್ವತಿಯೇ ಪರಮೇಶ್ವರನಿಗೆ ಹೇಳಿದ್ದು. ತಲೆ ನೊಂದದ್ದು ಅವಳದು, ಹೇಳುವವಳೂ ಅವಳೇ ಆಗಬೇಕಲ್ಲವೇ?

ಹರಳುಕೋಟೆಯೆಂಬ ಪಟ್ಟಣದಲ್ಲಿ ಮೋನಾಚಾರಿಯೆಂಬ ಅಕ್ಕಸಾಲಿಗನು ಒಡವೆಗಳಿಗೆ ಹರಳು ಕಟ್ಟಿಕೊಂಡು ಜೀವಿಸುತ್ತಿದ್ದನು. ಅವನ ಹೆಂಡತಿ ಕಾಳಮ್ಮ. ಸಿರಿವಂತರ ಕಿವಿ, ಮೂಗು, ಕೊರಳುಗಳೆಲ್ಲ ಅವನ ಕೈಯಿಂದ ಹೊಳೆಯುತ್ತಿದ್ದರೂ ಕಾಳಮ್ಮನ ಕೊರಳಲ್ಲಿದ್ದದ್ದು ಬರಿಯ ಅರಿಸಿನದ ದಾರ. ಅವರಿಗೆ ಹೊನ್ನಿ, ತುಂಗೆ ಎಂದು ಇಬ್ಬರು ಹೆಣ್ಣುಮಕ್ಕಳು. ಕಾಳಮ್ಮನ ಅತ್ತೆಯು ಸಾಯುವ ಮುಂಚೆ ಗೇಣುದ್ದದ ಕಂಚಿನ ಗೌರಿಯನ್ನು ಸೊಸೆಯ ಕೈಗಿಟ್ಟು, ಜಾಜಿಗೌರಿಯ ವ್ರತವನ್ನು ಬಿಡಬೇಡವೆಂದು ಹೇಳಿ, ಅದರ ವಿಧಿಯನ್ನೂ ತಿಳಿಸಿ ಕಣ್ಣು ಮುಚ್ಚಿದ್ದಳು.

ಆ ವಿಧಿ ಏನೆಂದರೆ, ಸಂಜೆ ದೀಪ ಹಚ್ಚಿ ಗೌರಿಯ ತುರುಬಿಗೆ ಒಂದು ಜಾಜಿ ಮೊಗ್ಗನ್ನು ಮುಡಿಸಬೇಕು. ಅದು ಅವಳ ತಲೆಯಲ್ಲೇ ಅರಳಬೇಕು. ಬೆಳಗ್ಗೆ ಅದನ್ನು ಇಳಿಸಿ, ಮನೆಯ ಹೆಣ್ಣುಮಗುವಿನ ತಲೆಗೆ ಪ್ರಸಾದವೆಂದು ಮುಡಿಸಿ, ಆಮೇಲೆ ಹರಿಯುವ ನೀರಿಗೆ ಬಿಡಬೇಕು. ಮುಡಿಸುವುದು ಅರ್ಧ ವ್ರತ, ಇಳಿಸುವುದು ಇನ್ನರ್ಧ. ಮುಡಿಸುವುದಕ್ಕೆ ನಾ ಮುಂದು ತಾ ಮುಂದು ಎಂದು ಬರುತ್ತೀರಿ, ಇಳಿಸುವ ಹೊತ್ತಿಗೆ ಒಬ್ಬರೂ ಇರುವುದಿಲ್ಲ. ಹೌದು, ನಿಮಗೇ ಹೇಳಿದ್ದು.

ಹಿರಿಯವಳಾದ ಹೊನ್ನಿಗೆ ಜಾಜಿಯೆಂದರೆ ಪ್ರಾಣ. ಮೊಗ್ಗನ್ನು ತಿರುಗಿಸಿ ಎಸಳಿನ ಬೆನ್ನಿಗಿರುವ ನಸುಗೆಂಪು ಗೆರೆಯನ್ನು ನೋಡಿಯೇ ಅವಳು ಗೌರಿಗೆ ಮುಡಿಸುವಳು. ಹೀಗಿರಲು ಒಂದು ಶ್ರಾವಣದಲ್ಲಿ ಆ ಮಗು ಮೊಗ್ಗು ಮುಡಿಸಿ ಮಲಗಿದ್ದೇ ಜ್ವರ ಬಂದು, ಅವಳು ಮುಡಿಸಿದ ಹೂವು ಬಾಡುವುದರೊಳಗೆ ಅವಳೇ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಕಾಳಮ್ಮನಿಗೆ ಆ ಹೂವನ್ನು ಇಳಿಸಲು ಕೈ ಬರಲಿಲ್ಲ. ಅದು ಒಣಗಿ ಕಡ್ಡಿಯಾಗಿ ತಾನೇ ಉದುರಿತು. ಕಾಳಮ್ಮ ಅಳಲೂ ಇಲ್ಲ. ಅವಳಿಗೆ ಅಳುವುದಕ್ಕೂ ಆಯಾಸ. ಕೊನೆಗೆ ಗಂಡನ ಮುಂದೆ ಬಂದು, ಇದರಂತೆಯೇ ಇರುವ, ಆದರೆ ಬಾಡದ ಹೂವೊಂದನ್ನು ಹರಳಿನಲ್ಲಿ ಮಾಡಿಕೊಡೆಂದು ಕೇಳಿದಳು.

ಮೋನಾಚಾರಿಯು ಬೇರೆಯವರ ಕೆಲಸವನ್ನೆಲ್ಲ ಬದಿಗಿಟ್ಟು, ಹಾಲಿನ ಬಣ್ಣದ ಚಂದ್ರಕಾಂತದ ಹರಳುಗಳನ್ನು ಆರಿಸಿ, ಸಾಣೆಗೆ ಹಿಡಿದು ಎಸಳುಗಳನ್ನು ಮಾಡಿ, ತೊಟ್ಟಿಗೆ ಪಚ್ಚೆಯನ್ನಿಟ್ಟು, ಒಂದೊಂದು ಎಸಳಿನ ಬೆನ್ನಿಗೂ ಕೆಂಪು ಹರಳಿನ ಸಣ್ಣ ಚೂರನ್ನು ಕೂರಿಸಿದನು. ಮುಂದಿನಿಂದ ನೋಡಿದವರಿಗೆ ಅದು ಕಾಣುವಂತೆಯೇ ಇರಲಿಲ್ಲ, ಆದರೂ ಕೂರಿಸಿದನು. ರಾಣಿಗೂ ಅವನು ಅಂಥದ್ದನ್ನು ಮಾಡಿಕೊಟ್ಟಿರಲಿಲ್ಲ. ಅನಂತರ ಹರಳು ಕಟ್ಟುವವನಲ್ಲದೆ ಬೇರೆ ಯಾರೂ ಮಾಡದ ತಪ್ಪೊಂದನ್ನು ಮಾಡಿದನು. ಹೂವು ಬಿದ್ದೀತೆಂದು ಅರಗನ್ನು ಕಾಯಿಸಿ ಅದನ್ನು ಗೌರಿಯ ತುರುಬಿಗೆ ಅಂಟಿಸಿಬಿಟ್ಟನು. ಕೂರಿಸಿದ ಹರಳು ಕದಲಬಾರದೆಂಬುದು ಅವನ ಕಸುಬು ಕಲಿಸಿದ ಪಾಠ. ದೇವರಿಗೆ ಹೂವು ಮುಡಿಸುವಾಗ ಆ ಪಾಠ ಸಲ್ಲದೆಂದು ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಅಂದಿನಿಂದ ಗೌರಿಯ ತಲೆಯಲ್ಲಿ ಹೊಸ ಮೊಗ್ಗಿಗೆ ಜಾಗವಿಲ್ಲದಾಯಿತು. ಇಳಿಸುವ ಹೂವಿಲ್ಲ, ಕೊಡುವ ಪ್ರಸಾದವಿಲ್ಲ. ಕಿರಿಯವಳಾದ ತುಂಗೆ ಬೆಳಗಾದರೆ ತಾನೇ ತಲೆ ಬಾಚಿಕೊಂಡು ಬಂದು ಗೌರಿಯ ಮುಂದೆ ತಲೆ ಬಗ್ಗಿಸಿ ಕೂರುವಳು. ಕಾಳಮ್ಮ ಅವಳ ಕಡೆ ನೋಡದೆಯೇ, "ಹೂವಿಲ್ಲ, ಏಳೇ" ಎನ್ನುವಳು. ಹೀಗೆ ದಿನಗಳು ಹೋಗಿ ಆ ಮಗು ಬರುವುದನ್ನು ಬಿಟ್ಟಿತು, ಆಮೇಲೆ ಮಾತನ್ನು ಬಿಟ್ಟಿತು, ಆಮೇಲೆ ಅನ್ನವನ್ನೂ ಬಿಟ್ಟಿತು. ಮೋನಾಚಾರಿ ಕಟ್ಟಿದ ಹರಳುಗಳು ಕೊಂಡವರ ಮನೆ ಸೇರುವ ಮೊದಲೇ ಉದುರತೊಡಗಿದವು. ಹೆಪ್ಪು ಹಾಕಿದ ಹಾಲು ಮೊಸರಾಗಲಿಲ್ಲ. ವೈದ್ಯನು ಬಂದು ತುಂಗೆಯ ಕೈ ಹಿಡಿದು ನೋಡಿ, ಮಗುವಿಗೆ ರೋಗವಿಲ್ಲ, ಬದುಕುವ ಮನಸ್ಸಿಲ್ಲ, ಹೀಗೇ ಇದ್ದರೆ ಈ ಮಾಸ ಕಳೆಯುವುದು ಕಷ್ಟವೆಂದು ಹೇಳಿಹೋದನು. ಕಾಳಮ್ಮ ಕೇಳಿಸಿಕೊಂಡಳು. ಒಬ್ಬಳನ್ನು ಕಳಿಸಿಕೊಟ್ಟ ತಾಯಿಗೆ ಇನ್ನೊಬ್ಬಳಿಗಾಗಿ ಹೆದರುವ ತ್ರಾಣವೂ ಉಳಿದಿರಲಿಲ್ಲ. ಮೂಗು ಮುರಿಯಬೇಡಿ, ಹಾಗಾಗುವುದುಂಟು.

ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಹೂವಾಡಗಿತ್ತಿ ಮುದುಕಿಯೊಬ್ಬಳು ಬಾಗಿಲಿಗೆ ಬಂದು, ಬುಟ್ಟಿ ಇಳಿಸಲು ಒಂದು ಕೈ ಕೊಡೆಂದು ಕೇಳಿದಳು. ಕಾಳಮ್ಮ ಕೈ ಕೊಟ್ಟು ಇಳಿಸಿ ನೋಡಿದರೆ ಬುಟ್ಟಿಯಲ್ಲಿ ಏನೂ ಇಲ್ಲ.

"ಖಾಲಿ ಬುಟ್ಟಿ ಇಳಿಸೋಕೂ ಆಳು ಬೇಕಿತ್ತೇನಜ್ಜಿ?"

"ಬುಟ್ಟಿಯ ಭಾರ ಅಲ್ಲ ಕಣವ್ವಾ. ವರ್ಷವಾಯಿತು, ಒಂದೇ ಹೂವು ಹೊತ್ತು ಕತ್ತು ಬಿದ್ದುಹೋಗಿದೆ. ಮುಡಿಸಿದವರು ಇಳಿಸೋಕೆ ಬರಲೇ ಇಲ್ಲ" ಎಂದು ಮುದುಕಿಯು ಸೆರಗು ಸರಿಸಿದಳು. ಅವಳ ತುರುಬಿನ ಬುಡದಲ್ಲಿ ಐದೆಸಳಿನ ಹೂವಿನಾಕಾರದ ಹುಣ್ಣೊಂದು ಹಸಿಹಸಿಯಾಗಿತ್ತು. ಅಯ್ಯೋ ಪಾಪವೆಂದು ಕಾಳಮ್ಮ ಒಳಗೆ ಹೋಗಿ ಅರಿಸಿನ ಎಣ್ಣೆ ಕಲಸಿ ತಂದಳು. ಬಾಗಿಲಲ್ಲಿ ಮುದುಕಿಯೂ ಇಲ್ಲ, ಬುಟ್ಟಿಯೂ ಇಲ್ಲ. ತಿರುಗಿ ದೇವರ ಗೂಡಿನ ಕಡೆ ನೋಡಿದರೆ ಗೌರಿಯ ಕಂಚಿನ ಕೊರಳು ಬಾಗಿತ್ತು.

"ಅಯ್ಯೋ ನನ್ನವ್ವಾ, ಎಂಥಾ ಕೆಲಸ ಮಾಡಿಬಿಟ್ಟೆ!" ಎಂದು ಕಾಳಮ್ಮ ಓಡಿಹೋಗಿ ಹೂವನ್ನು ಹಿಡಿದೆಳೆದಳು. ಅರಗು ಬಿಡಲಿಲ್ಲ. ಮೋನಾಚಾರಿ ಉಳಿ ತಂದನು. ಆ ತಲೆಗೆ ಕಬ್ಬಿಣ ಬೇಡವೆಂದಳು. ಕೆಂಡ ತಂದನು, ಬೆಂಕಿಯೂ ಬೇಡವೆಂದಳು. ಆದರೆ ಬಿಸಿಯಿಲ್ಲದೆ ಅರಗು ಬಿಡದೆಂಬುದು ಆ ಮನೆಯ ಮಗುವಿಗೂ ಗೊತ್ತು. ಆದ್ದರಿಂದ ಅವಳು ಗೌರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ತುರುಬಿನ ಮೇಲೆ ಎರಡೂ ಅಂಗೈಗಳನ್ನು ಮುಚ್ಚಿ ಬಾಯುಸಿರನ್ನು ಊದುತ್ತ ಕುಳಿತಳು. ಊದುತ್ತ ಊದುತ್ತ ಅಳು ಬಂತು. ಒಂದು ವರ್ಷದ ಅಳು, ಸುಮ್ಮನೆ ಬಂದೀತೇ? ಕಣ್ಣೀರಿನ ಬಿಸಿಗೆ ಅರಗು ಮೆತ್ತಗಾಗಿ ಹೂವು ಕೈಗೆ ಬಂತು.

ಬೆಳಗಾದ ಮೇಲೆ ಅವಳು ವಿಧಿಯನ್ನು ನೆನೆದು ತುಂಗೆಯನ್ನು ಕರೆದಳು. ಮಗು ನಂಬದೆ ನಂಬದೆ ಬಂದು ತಲೆ ಬಗ್ಗಿಸಿತು. ಹೂವನ್ನು ಮುಡಿಸುವಾಗ ಕಾಳಮ್ಮ ಆ ಕೂದಲು ನಾರಾಗಿರುವುದನ್ನೂ ಕತ್ತು ಎಲುಬಾಗಿರುವುದನ್ನೂ ಮೊದಲ ಸಲ ಕಂಡಳು. ಹೆದರಿಕೆ ಮರಳಿ ಬಂದಿತ್ತು. ಹೆಂಡತಿ ಹೊಳೆಗೆ ಹೊರಟದ್ದನ್ನು ಕಂಡು ಮೋನಾಚಾರಿಯು, "ಇವತ್ತೇ ಬಿಡಬೇಕೇನೇ? ಅದಿನ್ನೂ ಬಾಡಿಲ್ಲ" ಎಂದನು. ತನ್ನ ಕೈಯಿಂದ ಅಂಥದ್ದು ಇನ್ನೊಂದು ಆಗದೆಂದು ಅವನಿಗೆ ತಿಳಿದಿತ್ತು, ಪಾಪ.

"ಅದು ಬಾಡಿಲ್ಲ ಕಣ್ರೀ, ಇವಳು ಬಾಡಿದಾಳೆ" ಎಂದು ಕಾಳಮ್ಮ ಮಗುವನ್ನು ಎತ್ತಿಕೊಂಡು ನಡೆದಳು.

ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ತುಂಗೆಯ ತಲೆಯಿಂದ ಹೂವನ್ನು ತೆಗೆದು ಕೈ ಚಾಚಿದರೆ ಮುಷ್ಟಿ ಬಿಚ್ಚಲೊಲ್ಲದು. ಎಷ್ಟೋ ಹೊತ್ತು ಹಾಗೆಯೇ ನಿಂತಳು. ಆಗ ಸೊಂಟದ ಮೇಲಿದ್ದ ತುಂಗೆ ಬಾಯಿ ಬಿಟ್ಟಳು.

"ಅವ್ವಾ, ನೀರಲ್ಲಿ ಅಕ್ಕನಿಗೆ ಚಳಿ ಆಗಲ್ವಾ?"

ಮಗುವಿನ ದನಿ ಕೇಳಿ ಎಷ್ಟು ಕಾಲವಾಗಿತ್ತೋ. ಕಾಳಮ್ಮ, "ಇದು ಕಲ್ಲು, ಮಗಳೇ. ಅಕ್ಕ ಸತ್ತುಹೋದಳು" ಎಂದಳು. ಆ ಮಾತನ್ನು ಅವಳು ಅಂದಿನವರೆಗೆ ಯಾರೆದುರಿಗೂ ಆಡಿರಲಿಲ್ಲ. ಆಡಿದ ಮೇಲೆ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಹೂವು ತೇಲಲಿಲ್ಲ, ನೆಟ್ಟಗೆ ಮುಳುಗಿತು. ದಡಕ್ಕೆ ಬರುವಾಗ ತುಂಗೆ ಹಸಿವೆಂದಳು.

ಆಮೇಲೆ ಗೌರಿಯ ಕೊರಳು ನೆಟ್ಟಗಾಯಿತು. ಕಾಳಮ್ಮ ಅಂದು ಸಂಜೆಯೇ ಮೊಗ್ಗು ತಂದು ವ್ರತವನ್ನು ವಿಧಿಯಂತೆ ಹಿಡಿದಳು. ಮೋನಾಚಾರಿ ಕಟ್ಟಿದ ಹರಳುಗಳು ನಿಂತವು, ಉಣ್ಣುವುದಕ್ಕೂ ಉಡುವುದಕ್ಕೂ ಕೊರತೆಯಿಲ್ಲದಾಯಿತು, ತುಂಗೆ ಬೆಳೆದು ದೊಡ್ಡವಳಾದಳು. ಹೊನ್ನಿ ತಿರುಗಿ ಬರಲಿಲ್ಲ. ಬಂದಳೆಂದರೆ ನಿಮಗೆಲ್ಲ ಸಂತೋಷವಾದೀತು, ಆದರೆ ದೀಪದ ಮುಂದೆ ಕುಳಿತು ಸುಳ್ಳು ಸೇರಿಸಲಾರೆ. ಕಾಳಮ್ಮನ ದುಃಖವೂ ಪೂರ್ತಿ ಹೋಗಲಿಲ್ಲ. ಅದನ್ನು ಹೊತ್ತುಕೊಂಡೇ ಮಗಳಿಗೆ ಜಡೆ ಹಾಕುವಷ್ಟಾಯಿತು.

ಈ ಕಥೆಯನ್ನು ಹೇಳಿದವರಿಗೂ, ಕೇಳಿದವರಿಗೂ, ದಿನವೆಲ್ಲ ದುಡಿದು ಬಂದು ಕೇಳುತ್ತ ತೂಕಡಿಸಿದವರಿಗೂ ಗೌರಿಯು ಅದೇ ಫಲವನ್ನು ಕೊಡಲಿ. ಉಳಿದ ಮಕ್ಕಳು ಹೊಟ್ಟೆ ತುಂಬ ಉಣ್ಣಲಿ, ಹೋದವರ ಹೆಸರು ಬಾಯಲ್ಲಿ ಸಲೀಸಾಗಿ ಬರಲಿ. ಈಗ ಅಕ್ಷತೆ ಹಾಕಿ. ತಲೆಯ ಮೇಲೆ ಸುರಿಯಬೇಡಿ, ಪಾದಕ್ಕೆ ಹಾಕಿ. ಆ ತಲೆ ಹೊತ್ತದ್ದು ಸಾಕು.