ಸೂರ್ಯನ ಮಗಳು ಮನೆಗೆ ಮರಳಿದ್ದು

ಲೋಕ ಇನ್ನೂ ಎಳೆಯದಾಗಿದ್ದಾಗ, ಮಗಾ, ನೆಲದಲ್ಲಿ ಒಂದು ಗುಂಡಿಯಿರಲಿಲ್ಲ, ಒಂದು ಮಣ್ಣಿನ ಹೆಂಟೆಯಿರಲಿಲ್ಲ. ಭೂಮಿತಾಯಿಯ ಮೈ ಬೆಳಗಿಟ್ಟ ಹರಿವಾಣದ ಹಾಗೆ ನುಣ್ಣಗಿತ್ತು.

ಸೂರ್ಯಪ್ಪನಿಗೆ ದಿನಾ ಬೆಳಗ್ಗೆ ಹೊಸ ಮಕ್ಕಳು ಹುಟ್ಟುತ್ತಿದ್ದರು. ಎಲ್ಲರೂ ಕಿರಣಗಳು. ಅವರನ್ನು ನೆಲಕ್ಕೆ ಆಡಲು ಕಳಿಸುತ್ತಿದ್ದ. ಕಾಲಿಟ್ಟದ್ದೇ ತಡ, ಸರ್ರನೆ ಜಾರಿ ಅವರು ಆಚೆಗೆ ಹೋಗಿಬಿಡುತ್ತಿದ್ದರು. ಸೂರ್ಯಪ್ಪನಿಗೆ ಅದು ಗೊತ್ತೇ ಇರಲಿಲ್ಲ.

ಒಂದು ದಿನ ಗಾಳಿ ಓಡೋಡಿ ಬಂತು.

"ಸೂರ್ಯಪ್ಪಾ, ನಿನ್ನ ಮಕ್ಕಳು ಆಡುತ್ತಿಲ್ಲ. ಜಾರಿ ಹೋಗಿದ್ದಾರೆ. ದೂರದ ಕತ್ತಲೆಯಲ್ಲಿ ಅಳುವುದು ಕೇಳಿಸಿತು."

ಸೂರ್ಯಪ್ಪ ನಿಂತಲ್ಲೇ ನಿಂತ. "ಎಲ್ಲರೂ?"

"ಎಲ್ಲರೂ."

ಸೂರ್ಯಪ್ಪ ಆ ಬೆಳಗ್ಗೆ ಹುಟ್ಟಿದ್ದ, ಇನ್ನೂ ನೆಲಕ್ಕೆ ಕಳಿಸದಿದ್ದ ಮಗಳು ಹೊನ್ನಿಯನ್ನು ಎದೆಗವುಚಿಕೊಂಡು ಮುಖ ತಿರುಗಿಸಿಬಿಟ್ಟ.

ನಡುಮಧ್ಯಾಹ್ನವೇ ಕತ್ತಲಾಯಿತು! ಅರಳುತ್ತಿದ್ದ ಹೂವು ಅರ್ಧಕ್ಕೇ ನಿಂತಿತು. ಹಕ್ಕಿಗಳು ಕೂಗುವುದನ್ನೇ ಮರೆತವು. ಎಲ್ಲೆಲ್ಲೂ ಚಳಿ.

ಹಂದಿಯಮ್ಮನ ಆರು ಮರಿಗಳು ಗಡಗಡ ನಡುಗಿದವು. ಅವುಗಳನ್ನು ಬೆಚ್ಚಗೆ ಎಲ್ಲಿಡುವುದು? ಹಂದಿಯಮ್ಮ ಮೂತಿಯಿಂದ ನೆಲವನ್ನು ಗುದ್ದಿದಳು. ರಕ್ತ ಬಂದರೂ ಬಿಡಲಿಲ್ಲ. ಗುದ್ದಿದಳು, ಗುದ್ದಿದಳು. ನೆಲ ಟಪ್ಪನೆ ಒಡೆಯಿತು.

"ಅಯ್ಯೋ, ನನ್ನ ಮೈ!" ಎಂದು ಭೂಮಿತಾಯಿ ಚೀರಿದಳು.

ಆ ಕೂಗಿಗೆ ಸೂರ್ಯಪ್ಪ ಬೆಚ್ಚಿಬಿದ್ದು ತಿರುಗಿದ. ತಿರುಗಿದ್ದೇ ಹೊನ್ನಿ ಅವನ ಕೈಜಾರಿ ಕೆಳಗೆ ಬಿದ್ದಳು. ಸೂರ್ಯಪ್ಪ ಕಣ್ಣು ಮುಚ್ಚಿಕೊಂಡ. ಇವಳೂ ಹೋದಳು!

"ಅಪ್ಪಾ."

ಕಣ್ಣು ಬಿಟ್ಟರೆ ಎದುರಿಗೆ ಹೊನ್ನಿ. ಮೈತುಂಬ ಮಣ್ಣು.

"ನೀನು... ನೀನು ಹೇಗೆ ಬಂದೆ?"

"ಗುಂಡಿಯೊಳಗೆ ಬಿದ್ದೆ ಅಪ್ಪಾ. ಆ ಕಡೆ ಹೋದರೆ ಹೆಂಟೆ, ಈ ಕಡೆ ಹೋದರೆ ಹೆಂಟೆ. ಜಾರಲು ಜಾಗವೇ ಇಲ್ಲ. ಬಂದ ದಾರಿಯೊಂದೇ ತೆರೆದಿತ್ತು."

ಸೂರ್ಯಪ್ಪ ಗಳಗಳನೆ ಅತ್ತುಬಿಟ್ಟ. ಅದನ್ನು ನೋಡಿ ಭೂಮಿತಾಯಿ ನೋವಿನಲ್ಲೇ ಅಂದಳು, "ಇನ್ನಷ್ಟು ಅಗೆ, ಹಂದಿಯಮ್ಮಾ."

ಹಂದಿಯಮ್ಮ ಅಗೆದಳು. ಇರುವೆ ಅಗೆಯಿತು, ಏಡಿ ಅಗೆಯಿತು, ಎರೆಹುಳು ಮಣ್ಣು ಕಕ್ಕಿತು. ನೆಲವೆಲ್ಲ ಉಬ್ಬುತಗ್ಗಾಯಿತು. ಅಂದಿನಿಂದ ಆಡಲು ಇಳಿದ ಮಕ್ಕಳು ಬಂದ ದಾರಿಯಲ್ಲೇ ಅಪ್ಪನ ಮನೆಗೆ ಮರಳತೊಡಗಿದರು. ಮೊದಲು ಜಾರಿಹೋದವರು ಮಾತ್ರ ಮತ್ತೆ ಬರಲೇ ಇಲ್ಲ, ಮಗಾ.

ನಾಳೆ ಬೆಳಗ್ಗೆ ಬಿಸಿಲಿಗೆ ಬೆನ್ನು ಮಾಡಿ ಉತ್ತ ಹೊಲದಲ್ಲಿ ನಿಂತು ನೋಡು: ನಿನ್ನ ನೆರಳಿನ ತಲೆಯ ಸುತ್ತ ಮಣ್ಣು ಬೇರೆಲ್ಲ ಕಡೆಗಿಂತ ಬೆಳ್ಳಗೆ ಹೊಳೆಯುತ್ತದೆ, ಅದು ನಿನ್ನ ಕಿವಿಯ ಪಕ್ಕದಲ್ಲೇ ಹಾದು ಅಪ್ಪನ ಮನೆಗೆ ಓಡುತ್ತಿರುವ ಸೂರ್ಯನ ಮಕ್ಕಳು.