ಊಟದ ಸಾಲು, ಊರಿನ ಗೆರೆ

ತುಂಗಭದ್ರೆಯ ದಂಡೆಯ ಮೇಲಿನ ಒಂದು ಆಶ್ರಮದಲ್ಲಿ ಶಾಂತಪ್ಪಜ್ಜ ಎಂಬ ಗುರುಗಳಿದ್ದರು. ಅವರ ಶಿಷ್ಯ ಕೊಟ್ರೇಶ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಪಕ್ಕದ ಊರಿನವರು ಕುಡಿಯುವ ನೀರಿಗೆಂದು ಒಂದು ಸಮಿತಿ ಮಾಡಿಕೊಳ್ಳುವವರಿದ್ದರು. ಊರನ್ನು ಮೂರು ಭಾಗ ಮಾಡಿ, ಭಾಗಕ್ಕೊಬ್ಬರನ್ನು ಆರಿಸಬೇಕಿತ್ತು. ಭಾಗ ಮಾಡುವ ಕೆಲಸ ಆಶ್ರಮಕ್ಕೆ ಬಂತು. ಕೊಟ್ರೇಶ ಒಂದೇ ದಿನದಲ್ಲಿ ನಕಾಶೆ ತೆಗೆದ. ಹೊಳೆಯಿಂದ ಗುಡ್ಡದವರೆಗೆ ಮೂರು ಉದ್ದನೆಯ ಪಟ್ಟಿ, ಮೂರರಲ್ಲೂ ಸರಿಸಮ ಮತದಾರರು.

ಮರುದಿನ ಊರಿನಿಂದ ಹದಿನೈದು ಮಂದಿ ನಕಾಶೆ ನೋಡಿ ಒಪ್ಪಿಗೆ ಕೊಡಲು ಬಂದರು. ಅವರಲ್ಲಿ ಐವರು ಹೊಳೆದಂಡೆಯ ಉದ್ದಕ್ಕೂ ಹಬ್ಬಿದ ಅಂಬಿಗರ ಕೇರಿಯವರು. ಮುಂದೆ ನಿಂತವಳು ದೋಣಿ ನಡೆಸುವ ಹುಲಿಗೆವ್ವ.

“ತಮ್ಮಾ, ನಮ್ಮ ಕೇರಿಗೆ ಇರೋದು ಒಂದ ನಳ. ಅದಕ್ಕೂ ನೀರು ವಾರಕ್ಕೊಮ್ಮೆ. ಸಮಿತ್ಯಾಗ ನಮ್ಮ ಪರವಾಗಿ ಮಾತಾಡೋರು ಯಾರು?”

ಕೊಟ್ರೇಶ ಅಲ್ಗಾರಿದಂ ಎಂದ, ಡೇಟಾ ಎಂದ, ವ್ಯತ್ಯಾಸ ಸೊನ್ನೆ ಎಂದ. ಹುಲಿಗೆವ್ವ ಮಿಕಮಿಕ ನೋಡಿದಳು.

ಅವನು ಗುರುಗಳ ಬಳಿ ಬಂದು ಪಿಸುಗುಟ್ಟಿದ. “ಅಜ್ಜಾರ, ಇವರಿಗೆ ಇದು ತಿಳಿಯಂಗಿಲ್ರಿ.”

“ಹೌದೇನು? ಹಂಗಾದ್ರ ಊಟಕ್ಕ ಕೂಡಸು,” ಎಂದರು ಅಜ್ಜ. “ಐದೈದು ಮಂದಿ, ಮೂರು ಸಾಲು. ನಿನ್ನ ಪ್ರೋಗ್ರಾಂ ಊರನ್ನ ಹೆಂಗ ಹಂಚೈತೋ ಹಂಗ, ಒಂದ ಪಟ್ಟಿಯವರು ಒಂದ ಸಾಲಿಗೆ. ಯಾವ ಸಾಲಿನಾಗ ಹೆಚ್ಚು ಮಂದಿ ಏನ ಕೇಳ್ತಾರೋ, ಆ ಸಾಲಿಗೆಲ್ಲ ಅದನ್ನ ಬಡಸು.”

ಅಡುಗೆಮನೆಯಲ್ಲಿ ಅನ್ನವೂ ಇತ್ತು, ಜೋಳದ ನುಚ್ಚೂ ಇತ್ತು. ಅಂಬಿಗರ ಕೇರಿಯ ಐವರಿಗೂ ನುಚ್ಚು ಬೇಕು, ಉಳಿದ ಹತ್ತು ಮಂದಿಗೆ ಅನ್ನ. ಮೊದಲ ಸಾಲಿಗೆ ಕೇರಿಯವರು ಇಬ್ಬರು ಬಂದರು, ಎರಡನೆಯದಕ್ಕೂ ಇಬ್ಬರು, ಮೂರನೆಯದಕ್ಕೆ ಹುಲಿಗೆವ್ವ ಒಬ್ಬಳೇ. ಮೂರು ಸಾಲಿಗೂ ಅನ್ನವೇ ಬಿತ್ತು.

ಹುಲಿಗೆವ್ವ ತನ್ನ ಎಲೆ ನೋಡಿದಳು. ಆ ಸಾಲು, ಈ ಸಾಲು ನೋಡಿದಳು. ಆಮೇಲೆ ಜೋರಾಗಿ ನಕ್ಕಳು.

“ನಮ್ಮ ಕೇರೀನ ಮೂರು ತುಂಡು ಮಾಡೀಯಲ್ಲೋ ತಮ್ಮಾ! ಎಲ್ಲಾ ಕಡೆ ಅದೀವಿ, ಎಲ್ಲೂ ಗೆಲ್ಲಂಗಿಲ್ಲ.”

ಹೇಳಿದವಳೇ ಎದ್ದು, ತನ್ನ ಸಾಲಿನ ಉಳಿದ ನಾಲ್ವರನ್ನು ಆಚೆ ಸಾಲುಗಳಿಗೆ ಕಳಿಸಿ, ತನ್ನವರನ್ನೆಲ್ಲ ಒಂದೇ ಸಾಲಿಗೆ ಕರೆದು ಕೂರಿಸಿಕೊಂಡಳು. “ಈಗ ಬಡಸ್ರಿ.”

ಆ ಸಾಲಿಗೆ ನುಚ್ಚು ಬಂತು. ಉಳಿದ ಎರಡು ಸಾಲಿನವರು ತಮ್ಮ ಪಾಡಿಗೆ ಅನ್ನ ಉಂಡರು. ಯಾರ ಗಂಟೂ ಹೋಗಲಿಲ್ಲ.

ಕೊಟ್ರೇಶ ಇಂಗು ತಿಂದ ಮಂಗನಂತೆ ನಿಂತಿದ್ದ. ಇವರಿಗೆ ತಿಳಿಯುವುದಿಲ್ಲ ಎಂದಿದ್ದವನಿಗೆ ಈಗ ನಿಜಕ್ಕೂ ನಾಚಿಕೆಯಾಯಿತು.

“ಅಜ್ಜಾರ, ಎಣಿಕ್ಯಾಗ ಒಂದು ತಲೀನೂ ತಪ್ಪಿಲ್ರಿ. ಮತ್ತ ಹಿಂಗ್ಯಾಕಾತು?”

“ಕಂಪ್ಯೂಟರಿಗೆ ಏನ ಹೇಳಿದ್ದಿ?”

“ಮಂದಿ ಸಮ ಇರಲಿ ಅಂತ.”

“ಕೇರಿ ಒಡೀಬ್ಯಾಡ ಅಂತ?”

“ಹೇಳಿರಲಿಲ್ರಿ.”

“ಹೇಳಿದ್ದನ್ನ ಮಾಡೈತಿ. ಪಾಪ, ಅದರದೇನು ತಪ್ಪು?”

ಕೊಟ್ರೇಶ ನಕಾಶೆಯನ್ನು ಎಲ್ಲರೆದುರೇ ಹರಿದ. ಇನ್ನೊಂದು ತೆಗೆಯುವುದು ಅವನಿಗೆ ಯಾವ ಮಹಾ ಕೆಲಸ? ಲ್ಯಾಪ್‌ಟಾಪ್ ತೆರೆದು ಹುರುಪಿನಿಂದ ಗುರುಗಳ ಮುಂದೆ ಕೂತ.

“ಅಜ್ಜಾರ, ಈ ಸಲ ಇದಕ್ಕ ಏನೇನು ಹೇಳಲಿ? ನೀವು ಹೇಳ್ರಿ, ನಾ ಬರೀತೀನಿ.”

ಅಜ್ಜ ಹುಲಿಗೆವ್ವನ ಸಾಲಿನ ಕಡೆ ನೋಡಿದರು.

“ನಾ ಹೊಳ್ಯಾಗ ಜಳಕ ಮಾಡಾಂವ. ನಳದ ಮುಂದ ಕೊಡ ಹಿಡಕೊಂಡು ನಿಲ್ಲೋರನ್ನ ಕೇಳು.”