ಹೊನ್ನಿಯ ಹೊಣೆ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಬೇರೆ ಊರಿನ ಗೋಡೆಗಳಿಗೆ ಕಿವಿ ಮಾತ್ರ ಇರುತ್ತದೆ, ಈ ಊರಿನ ಗೋಡೆಗಳಿಗೆ ಬಾಯಿಯೂ ಇದೆ.

ಈ ಮಾತು ಈ ಜಗಲಿ ಇಳಿಯಬಾರದು. ಎಲೆ ಅಡಿಕೆ ಹಾಕಿಕೊಂಡು ಕೇಳಿ. ಬಾಯಿ ತುಂಬಿದ್ದರೆ ಮಾತು ಹೊರಗೆ ಬೀಳುವುದಿಲ್ಲ. ಯಾರು ಹೇಳಿದ್ದು ಎಂದು ನಾಳೆ ಯಾರಾದರೂ ಕೇಳಿದರೆ, ಗಾಳಿ ಹೇಳಿತು ಎನ್ನಿ.

ಹೊಳೆ ಹೋಗಿ ಸಮುದ್ರ ಸೇರುವಲ್ಲಿ ಉಪ್ಪಿನ ಗದ್ದೆಗಳು. ಗದ್ದೆಯ ಅಂಚಿಗೆ ಒಂದು ಆಶ್ರಮ. ಆಶ್ರಮ ಅಂದಕೂಡಲೇ ಗೋಪುರ, ಗಂಟೆ ಎಂದೆಲ್ಲ ನೆನೆಸಬೇಡಿ. ತೆಂಗಿನ ಮಡಲು ಹೊದೆಸಿದ ಎರಡು ಕೋಣೆ, ಒಂದು ಬಾವಿ, ಒಬ್ಬ ಗುರು, ಒಬ್ಬ ಶಿಷ್ಯ.

ಗುರುಗಳು ಕಾಣಿಕೆ ಮುಟ್ಟುವವರಲ್ಲ. ಊರವರ ಹಾಗೆ ಅವರಿಗೂ ಗದ್ದೆಯಲ್ಲಿ ಒಂದು ಪಾಲು. ಎಳೆದ ಉಪ್ಪು ಒಣಮೀನು ಮಾಡುವವರಿಗೆ ಹೋಗುತ್ತಿತ್ತು, ಐಸ್ ಪ್ಲಾಂಟಿಗೆ ಹೋಗುತ್ತಿತ್ತು. ಅದರಲ್ಲೇ ಇಬ್ಬರ ಗಂಜಿ.

ಶಿಷ್ಯನ ಹೆಸರು ಶಾಂತಾರಾಮ. ಶಾಂತಿ ಹೆಸರಲ್ಲಷ್ಟೇ. ಜಪಕ್ಕೆ ಕೂತರೂ ಅವನ ಒಂದು ಕಿವಿ ಬೇಲಿಯಾಚೆಗೇ ಇರುತ್ತಿತ್ತು. ಯಾರ ಮನೆಯ ಒಲೆಯ ಮೇಲೆ ಏನು ಕುದಿಯುತ್ತಿದೆ ಎಂದು ತಿಳಿಯದೇ ಹೋದರೆ ಅವನಿಗೆ ತಿಂದದ್ದು ಕರಗದು.

ಆ ವರ್ಷ, ಗದ್ದೆಯ ನೆಲವನ್ನು ತುಳಿದು ಗಟ್ಟಿ ಮಾಡುವ ದಿನಗಳಲ್ಲಿ, ಒಬ್ಬಳು ಹೆಂಗಸು ಬದುವಿನ ಮೇಲೆ ಬಂದು ನಿಂತಳು. ಕಿವಿಯಲ್ಲಿ ಬಂಗಾರ, ಕಾಲಿಗೆ ಚಪ್ಪಲಿ ಇಲ್ಲ. ಕೈಯಲ್ಲೊಂದು ಸಣ್ಣ ಗಂಟು. ಹೆಸರು ಹೊನ್ನಿ ಎಂದಳು.

"ಕೆಲಸ ಸಿಗುತ್ತದಾ?"

ಎಲ್ಲರೂ ನೆಲ ತುಳಿಯುತ್ತಲೇ ಇದ್ದರು. ಆ ಊರಿನ ಕಟ್ಟಳೆಯೇ ಹಾಗೆ. ಪರವೂರವರಿಗೆ ಪಾಲು ಬೇಕೆಂದರೆ ಊರವರೊಬ್ಬರು ಹೊಣೆ ನಿಲ್ಲಬೇಕು. ಬದುವಿನ ಮೇಲೆ ನಿಂತು ಬಾಯಲ್ಲಿ ಹೇಳಿದರೆ ಸಾಲದು. ನೀರಿಗಿಳಿದು, ಉಪ್ಪು ಎಳೆಯುವ ಹಲಗೆಯ ಹಿಡಿಯನ್ನು ಬಂದವರ ಜೊತೆ ತಾವೂ ಹಿಡಿದು ಒಂದು ಸಲ ಎಳೆಯಬೇಕು. ಆಮೇಲೆ ಬಂದವರ ಪಾಲು ಹೋದರೆ ಹೊಣೆ ನಿಂತವರದ್ದೂ ಹೋಯಿತು.

ಗುರುಗಳು ಕಾವಿ ಎತ್ತಿ ಕಟ್ಟಿ ನೀರಿಗಿಳಿದರು. ಹೊನ್ನಿಯನ್ನು ಕರೆದರು. ಇಬ್ಬರೂ ಒಂದೇ ಹಿಡಿ ಹಿಡಿದು ಎಳೆದರು.

ಹಾಡಹಗಲು! ಕಾವಿ ಉಟ್ಟವರು! ಬಂಗಾರ ತೊಟ್ಟ ಹೆಂಗಸಿನ ಜೊತೆ!

ಆಶ್ರಮದ ಗೋಡೆಗೆ ಹತ್ತಿದ ಮನೆ ಗಣಪಕ್ಕನದು. ಗುರುಗಳನ್ನು ಬಿಟ್ಟರೆ ಪಾಲಿನವರಲ್ಲೆಲ್ಲ ಹಿರಿಯಳು. ಅವಳು ಹೂಂ ಎಂದರೆ ಹೂಂ, ಉಹುಂ ಎಂದರೆ ಉಹುಂ. ಅವಳು ಅಂದು ಸಂಜೆಯೇ ಶಾಂತಾರಾಮನನ್ನು ಬೇಲಿ ಹತ್ತಿರ ಕರೆದಳು.

"ಅವಳು ಗಂಡನ ಬಿಟ್ಟು ಬಂದವಳು. ಮುಖದ ಮೇಲೇ ಬರೆದಿದೆ."

"ಹೌದಾ ಗಣಪಕ್ಕ?"

"ಎಂತಕ್ಕೆ ಬಿಟ್ಟಳು ಅಂತ ನೀನು ತಿಳ್ಕೊ. ಮಳೆಗೆ ಮುಂಚೆ ಪಾಲಿನವರೆಲ್ಲ ಕೂತಾಗ ಕೇಳ್ತೇನೆ. ಕಾರಣ ನೆಟ್ಟಗಿಲ್ಲ ಅಂದ್ರೆ ಅವಳಿಗೂ ಪಾಲಿಲ್ಲ, ನಿಮ್ಮ ಆಶ್ರಮಕ್ಕೂ ಇಲ್ಲ. ಆಮೇಲೆ ಗುರು ಶಿಷ್ಯರಿಬ್ಬರೂ ಗಾಳಿ ಉಣ್ಣಿ."

ಶಾಂತಾರಾಮ ನೇರ ಗುರುಗಳ ಹತ್ತಿರ ಹೋದ.

"ಗುರುಗಳೇ, ಆ ಹೊನ್ನಿ ಯಾರು?"

"ಪಕ್ಕದ ಪಾತಿಯಲ್ಲಿ ಉಪ್ಪು ಎಳೆಯುವವಳು."

"ಅಲ್ಲ, ಎಲ್ಲಿಂದ ಬಂದಳು?"

"ಬದುವಿನ ಮೇಲಿಂದ. ನೀನೂ ನೋಡಿದೆಯಲ್ಲ."

"ಎಂತಕ್ಕೆ ಬಂದಳು?"

"ಉಪ್ಪು ಎಳೆಯಲಿಕ್ಕೆ."

ಗುರುಗಳಿಗೆ ಎಲ್ಲ ಗೊತ್ತಿದೆ, ನನಗೆ ಇನ್ನೂ ಯೋಗ್ಯತೆ ಬಂದಿಲ್ಲವೆಂದು ಮುಚ್ಚಿಡುತ್ತಿದ್ದಾರೆ ಎಂದುಕೊಂಡ ಶಾಂತಾರಾಮ. ಹಾಗಾದರೆ ನಾನೇ ಹುಡುಕಿ ತಿಳಿದರೆ ಯೋಗ್ಯತೆ ಬಂದ ಹಾಗೇ ಅಲ್ಲವೇ? ನೋಡಿ, ಮೂಗು ತೂರಿಸುವ ತುರಿಕೆಗೂ ಎಂಥ ಕಾವಿ ಬಟ್ಟೆ ಉಡಿಸಿದ!

ಕಳೆದ ವರ್ಷದ ಉಪ್ಪು ಕೊಳ್ಳಲು ಬಂದ ಒಣಮೀನಿನ ಮಂಕಾಳಿಯನ್ನು ಹಿಡಿದ. ಅವಳು ತಕ್ಕಡಿ ಕೆಳಗಿಟ್ಟೇ ಹೇಳಿದಳು: "ಅವಳಾ? ಬಂದರದ ಮನೆಯ ಸೊಸೆ. ಗಂಡನಿಗೆ ಸ್ವಂತ ಬೋಟು. ಮನೆಗೆ ಮಾರ್ಬಲ್ ಹಾಸಿದ್ದಾರೆ, ನಡೆದರೆ ಕಾಲು ಜಾರ್ತದೆ."

ಐಸ್ ಪ್ಲಾಂಟಿಗೆ ಉಪ್ಪು ಒಯ್ಯುವ ಲಾರಿಯ ಇನಾಸನನ್ನು ಹಿಡಿದ. ಇನಾಸ ಬೀಡಿ ಹಚ್ಚಿ ಸುತ್ತ ನೋಡಿದ.

"ನಾದಿನಿಯ ಮದುವೆ, ಮಾರಾಯ. ಪಂಕ್ತಿ ಕೂತಿದೆ. ಇವಳು ಪಾಯಸ ಬಡಿಸ್ತಾ ಇದ್ದಳಂತೆ. ಅರ್ಧ ಪಂಕ್ತಿಗೆ ಬಡಿಸಿದಳು. ಸೌಟು ಕೆಳಗಿಟ್ಟಳು. ಹೊರಟೇಬಿಟ್ಟಳು."

"ಎಲ್ಲಿಗೆ?"

"ಇಲ್ಲಿಗೇ!"

"ಎಂತಕ್ಕೆ, ಇನಾಸಣ್ಣ?"

"ಅದೊಂದು ಸಿಕ್ಕಲಿಲ್ಲ. ಆ ಕಡೆ ಮತ್ತೆ ಬಾಡಿಗೆ ಇದೆ. ತಿಳ್ಕೊಂಡು ಬರ್ತೇನೆ."

ಅಷ್ಟು ಸಾಕಾಯಿತು. ಶಾಂತಾರಾಮನಿಗೆ ಮಂತ್ರ ಮರೆತುಹೋಯಿತು. ಕಣ್ಣು ಮುಚ್ಚಿದರೆ ಸೌಟು, ತೆರೆದರೆ ಸೌಟು. ಒಂದು ದಿನ ತಡೆಯಲಾರದೆ ಹೊನ್ನಿಯ ಪಾತಿಯ ಹತ್ತಿರ ಹೋಗಿ ನಿಂತ.

"ಒಂದು ಕೇಳಲಾ, ತಂಗೀ? ಅವತ್ತಿನ ಪಾಯಸ ಹೆಸರುಬೇಳೆಯದಾ, ಕಡಲೆಬೇಳೆಯದಾ?"

ಹೊನ್ನಿಯ ಹಲಗೆ ನಿಂತಿತು. ಅವಳು ಅವನನ್ನು ನೋಡಿದಳು, ಸಂತೆಯಲ್ಲಿ ಯಾರೋ ಸೆರಗು ಎಳೆದಾಗ ತಿರುಗಿ ನೋಡುವ ಹಾಗೆ. ಮತ್ತೆ ಎಳೆಯತೊಡಗಿದಳು. ಆ ದಿನವಿಡೀ ಅವಳ ಹಲಗೆಯ ಗೆರೆ ಸೊಟ್ಟಗೆ ಹೋಯಿತು.

ಬಿಸಿಲು ಏರಿತು. ಪಾತಿಗಳಲ್ಲಿ ಉಪ್ಪು ಬೆಳ್ಳಗೆ ಕೂತಿತು. ಆಗ ಹೊಳೆಯಾಚೆಯ ಊರಿನಿಂದ ಹೇಳಿಕೆ ಬಂತು, ಗುರುಗಳ ಹಳೆಯ ಗೆಳೆಯರೊಬ್ಬರು ಹಾಸಿಗೆ ಹಿಡಿದಿದ್ದಾರೆ ಎಂದು. ಗುರುಗಳು ದೋಣಿ ಹತ್ತುವ ಮುಂಚೆ ಶಿಷ್ಯನನ್ನೂ ಹೊನ್ನಿಯನ್ನೂ ಕರೆದರು.

"ಮೇಲೆ ಬೆರಳು ದಪ್ಪ ನೀರು ಉಳಿದಾಗ ಉಪ್ಪು ಎಳೆಯಿರಿ. ಉಳಿದ ನೀರನ್ನು ಹೊಳೆಗೆ ಬಿಡಿ."

ಹೊನ್ನಿ ತಲೆಯಾಡಿಸಿದಳು. ಶಾಂತಾರಾಮ ಬಾಯಿ ತೆರೆದ.

"ಆ ನೀರಲ್ಲೂ ಉಪ್ಪಿದೆಯಲ್ಲ, ಗುರುಗಳೇ?"

"ಇದೆ."

"ಮತ್ತೆ ಬಿಡುವುದು ಎಂತಕ್ಕೆ? ಪ್ರತಿ ವರ್ಷ ನೀವೇ ಬಿಡುತ್ತೀರಿ. ನನಗೆ ಹೊಟ್ಟೆ ಉರಿಯುತ್ತದೆ."

"ಬಿಡು," ಎಂದರು ಗುರುಗಳು. ದೋಣಿ ಹೋಯಿತು.

ಹೊನ್ನಿ ಉಪ್ಪು ಎಳೆದಳು, ಬದು ಕಡಿದಳು, ಉಳಿದ ನೀರನ್ನು ಬಿಟ್ಟಳು. ಅದು ಎಣ್ಣೆಯ ಹಾಗೆ ದಪ್ಪಗೆ ಹರಿದು ಹೊಳೆ ಸೇರಿತು.

ಶಾಂತಾರಾಮ ಅದನ್ನು ನೋಡಿ ಲೊಚಗುಟ್ಟಿದ. ತನ್ನ ಪಾತಿಯ ಬದು ಕಡಿಯಲೇ ಇಲ್ಲ. ಕೊನೆಯ ಹನಿಯನ್ನೂ ಬಿಸಿಲು ಕುಡಿಯುವ ತನಕ ಕಾದ. ಆಮೇಲೆ ಕೆರೆದು ತೆಗೆದ. ಅವನ ರಾಶಿ ಹೊನ್ನಿಯ ರಾಶಿಗಿಂತ ಎತ್ತರವಾಯಿತು. ಗಣಪಕ್ಕನನ್ನು ಕರೆದು ತೋರಿಸಿದ.

"ಹೆಂಗಿದೆ?"

"ಅಡ್ಡಿಯಿಲ್ಲ. ಗುರುವಿಗಿಂತ ನೀನೇ ಜಾಣ," ಎಂದಳು ಗಣಪಕ್ಕ. ಅವಳ ಬಾಯಿಂದ ಹೊಗಳಿಕೆ ಬಂದರೆ ಹೆದರಬೇಕು. ಅವನು ಹಿಗ್ಗಿದ.

ಗುರುಗಳು ಬಂದರು. ರಾಶಿಯ ಎದುರು ನಿಂತರು. ಒಂದು ಹನಿ ಮಳೆ ಬಿದ್ದಿರಲಿಲ್ಲ, ಆದರೂ ರಾಶಿಯ ಬುಡದ ನೆಲ ಒದ್ದೆ. ಉಪ್ಪು ಜ್ವರ ಬಂದವರ ಹಾಗೆ ಬೆವರುತ್ತಿತ್ತು.

ಗುರುಗಳು ಒಂದು ಚಿಟಿಕೆ ತೆಗೆದುಕೊಂಡು ಒಳಗೆ ಹೋದರು. ಗಂಜಿ ಬಡಿಸಿದರು. ಶಿಷ್ಯನ ಬಟ್ಟಲಿಗೆ ಆ ಉಪ್ಪು ಹಾಕಿದರು.

ಶಾಂತಾರಾಮ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಕಹಿ, ಗುರುಗಳೇ!"

"ಎಷ್ಟು ನೀರು ಬಿಟ್ಟೆ?"

"ಹನಿಯನ್ನೂ ಬಿಡಲಿಲ್ಲ. ಪೂರ್ತಿ ಬೇಕಿತ್ತು ನನಗೆ."

"ಸಿಕ್ಕಿತಲ್ಲ. ಉಣ್ಣು."

ಆ ಉಪ್ಪನ್ನು ಮಂಕಾಳಿ ನೆಕ್ಕಿ ನೋಡಿ ಬೇಡವೆಂದಳು. ಮೀನೂ ಕೆಡುತ್ತದೆ, ಹೆಸರೂ ಕೆಡುತ್ತದೆ ಎಂದಳು. ಕೊನೆಗೆ ತೆಂಗಿನ ಬುಡಕ್ಕೆ ಹಾಕಿದ್ದಾಯಿತು. ತೆಂಗಿನ ಮರ ಪಾಪ, ಕೊಟ್ಟದ್ದನ್ನು ತಿನ್ನುತ್ತದೆ.

ಶಾಂತಾರಾಮ ಕೆಲವು ದಿನ ಸಪ್ಪಗಿದ್ದ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಒಂದು ಸಂಜೆ ಮತ್ತೆ ಶುರು ಮಾಡಿದ.

"ಗುರುಗಳೇ, ಹೊನ್ನಿಯ ವಿಷಯ ಮುಕ್ಕಾಲು ತಿಳಿದಿದೆ. ಒಂದೇ ಒಂದು ಬಾಕಿ."

ಗುರುಗಳು ಅವನ ಬಟ್ಟಲಿನ ಕಡೆ ನೋಡಿದರು.

"ಗಂಜಿಗೆ ಉಪ್ಪು ಸರಿ ಇದೆಯೋ?"

"ಇದೆ. ಇದು ಹೊನ್ನಿ ಎಳೆದದ್ದು."

ಗುರುಗಳು ದೀಪ ಸಣ್ಣ ಮಾಡಿ ಮಲಗಿದರು.

ಪಾಲಿನವರು ಕೂರುವ ಹಿಂದಿನ ದಿನ ಇನಾಸನ ಲಾರಿ ಧೂಳೆಬ್ಬಿಸಿ ಬಂತು. ಇನಾಸ ಎಂಜಿನ್ನೂ ಬಂದ್ ಮಾಡದೆ ಜಿಗಿದ.

"ಸಿಕ್ತು ಮಾರಾಯ! ಸೌಟು ಎಂತಕ್ಕೆ ಕೆಳಗಿಟ್ಟಳು ಅಂತ ಸಿಕ್ತು!"

ಶಾಂತಾರಾಮನ ಕಿವಿ ಮೊಲದ ಕಿವಿಯಾಯಿತು. ಬಾಯಲ್ಲಿ ನೀರೂರಿತು. ಸುಳ್ಳು ಹೇಳಬಾರದು, ಯಾರಿಗಾದರೂ ಊರುತ್ತದೆ.

ಅಷ್ಟರಲ್ಲಿ ಪಕ್ಕದ ಪಾತಿಯಲ್ಲಿ ಸದ್ದು ನಿಂತಿತು. ಹೊನ್ನಿ ಬೆನ್ನು ಹಾಕಿ ನಿಂತಿದ್ದಳು. ತಿರುಗಲಿಲ್ಲ. ಓಡಿಹೋಗಲಿಲ್ಲ. ಹಲಗೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೀಳುವುದು ಬೀಳಲಿ ಎಂಬ ಹಾಗೆ, ಕಾಯುತ್ತಿದ್ದಳು.

ಶಾಂತಾರಾಮ ಆ ಬೆನ್ನನ್ನು ನೋಡಿದ. ಉಣ್ಣದೇ ಅವನ ನಾಲಿಗೆಯ ಮೇಲೆ ಕಹಿ ಬಂತು.

"ಬೇಡ, ಇನಾಸಣ್ಣ."

"ಎಂತ?"

"ಹೇಳಬೇಡ."

"ಅಲ್ಲ ಮಾರಾಯ, ನನ್ನ ಲಾರಿಯ ಚಕ್ರಕ್ಕೆ ಅಡ್ಡ ಮಲಗಿ ಕೇಳಿದವ ನೀನೇ ಅಲ್ವಾ?"

"ಹೌದು. ಈಗ ಹೇಳಿದೆಯೋ, ನಿನ್ನ ಲಾರಿಗೆ ಉಪ್ಪು ತುಂಬುವುದಿಲ್ಲ."

ಬಾಯಿ ತನಕ ಬಂದ ಸುದ್ದಿಯನ್ನು ನುಂಗುವುದೆಂದರೆ ಮುಳ್ಳು ಸಮೇತ ಮೀನು ನುಂಗಿದ ಹಾಗೆ. ಇನಾಸ ಕೆಮ್ಮಿದ, ಉಗುಳಿದ, ತಲೆ ಕೆರೆದ. ಉಪ್ಪು ತುಂಬಿಸಿಕೊಂಡು ಹೋದ. ಆಮೇಲೆ ಅವನನ್ನು ಹೇಗೆಲ್ಲ ಪುಸಲಾಯಿಸಿದರೂ ಬಾಯಿ ಬಿಡಲಿಲ್ಲವಂತೆ. ಎಂಥ ನಷ್ಟ, ನೀವೇ ಹೇಳಿ.

ಲಾರಿಯ ಸದ್ದು ಅಡಗಿದ ಮೇಲೆ ಹೊನ್ನಿಯ ಹಲಗೆಯ ಸದ್ದು ಮತ್ತೆ ಕೇಳಿತು.

ಮರುದಿನ ಪಾಲಿನವರೆಲ್ಲ ಬದುವಿನ ಮೇಲೆ ಕೂತರು. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು. ಹೊನ್ನಿ ದೂರ ನಿಂತಿದ್ದಳು, ಗಂಟು ಕಟ್ಟಿ ತಂದಿದ್ದಳು. ಹೋಗು ಎಂದರೆ ಹೋಗುವುದು. ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಗಣಪಕ್ಕ ಎಲೆಗೆ ಸುಣ್ಣ ಸವರಿದಳು.

"ಹೇಳು ಶಾಂತಾರಾಮ. ಎಂತ ತಿಳ್ಕೊಂಡೆ?"

"ಅವಳು ಎಳೆದ ಉಪ್ಪು ಬೆವರಲಿಲ್ಲ. ನಾನು ಎಳೆದದ್ದು ಬೆವರಿತು."

"ಅದು ಊರಿಗೇ ಗೊತ್ತು. ಗಂಡನ ಮನೆ ಎಂತಕ್ಕೆ ಬಿಟ್ಟಳು?"

"ಗೊತ್ತಿಲ್ಲ."

"ಇನಾಸ ಹೇಳಲಿಲ್ವಾ?"

"ಹೇಳಲಿಕ್ಕೆ ಬಂದ. ನಾನು ಬೇಡ ಅಂದೆ."

ಬದುವಿನ ಮೇಲೆ ನಗೆ ಎದ್ದಿತು. "ಕೈಗೆ ಬಂದ ತುತ್ತು ಬಾಯಿಗೆ ಬೇಡವಂತೆ!" ಎಂದರು ಯಾರೋ. ಶಾಂತಾರಾಮ ತಲೆ ತಗ್ಗಿಸಿದ. ತನ್ನಿಂದಾಗಿ ಗುರುಗಳ ಪಾಲೂ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಪಾಯಸದ ಮಾತನ್ನು ಆಡಲಿಲ್ಲ.

ಗಣಪಕ್ಕ ಎಲೆ ಮಡಚಿ ಗುರುಗಳ ಕಡೆ ತಿರುಗಿದಳು.

"ಅವನು ಬಿಡಿ, ಮಳ್ಳ. ನೀವು ಹೇಳಿ ಗುರುಗಳೇ. ಗೋಡೆಗೆ ಗೋಡೆ ಹಚ್ಚಿ ಬಾಳಿದವರು ನಾವು, ನನ್ನ ಹತ್ತಿರ ಮುಚ್ಚಿಡುವುದೇನು? ನಿಮ್ಮ ಹತ್ತಿರ ಅವಳು ಏನು ಹೇಳಿದ್ದಾಳೆ?"

"ಏನೂ ಹೇಳಿಲ್ಲ."

"ನೀವು ಕೇಳಿರಬೇಕಲ್ಲ?"

"ಇಲ್ಲ. ಕೇಳಲಿಲ್ಲ."

ಶಾಂತಾರಾಮ ಸರಕ್ಕನೆ ತಲೆಯೆತ್ತಿದ. ಗುರುಗಳು ಮುಚ್ಚಿಟ್ಟಿದ್ದಾರೆ ಎಂದುಕೊಂಡು ಇಷ್ಟು ದಿನ ಎಷ್ಟು ಬಾಗಿಲು ತಟ್ಟಿದ! ಮುಚ್ಚಿಡಲು ಅವರ ಹತ್ತಿರ ಏನೂ ಇರಲೇ ಇಲ್ಲ.

ಗಣಪಕ್ಕನ ದನಿ ಏರಿತು.

"ಕೇಳದೇ ಹೊಣೆ ನಿಂತಿರಾ? ಹಿಂದಿಲ್ಲ, ಮುಂದಿಲ್ಲ, ಎಲ್ಲಿಂದಲೋ ಬಂದವಳು! ಗದ್ದೆಗಿಳಿಯುವವರ ಹಿಂದಿನದ್ದು ತಿಳಿಯುವುದು ಬೇಡವಾ? ಇಲ್ಲಿ ಕೂತವರು ಒಬ್ಬರಾದರೂ ಹೇಳಿ, ಬೇಡವಾ?"

ಗುರುಗಳು ಗಣಪಕ್ಕನ ಮುಖವನ್ನೇ ನೋಡಿದರು.

"ಗಣಪೀ, ನೀನು ಈ ಊರಿಗೆ ಬಂದ ವರ್ಷ ನಿನ್ನ ಜೊತೆ ಹಲಗೆ ಹಿಡಿದವನೂ ನಾನೇ. ಅವತ್ತೂ ಕೇಳಲಿಲ್ಲ. ಈಗ ಕೇಳಲೇ?"